ಮರೆಯಲ್ಲಿ ಕುಳಿತ ಗುಣ

ತಾಯಿತಂದೆಗಳಿಬ್ಬರೂ ಆರೋಗ್ಯವಂತರು. ಎರಡು ಕಡೆಯ ಹಿರಿಯರಲ್ಲಿಯೂ ಯಾವ ಕುಂದೂ ಕಂಡುಬಂದುದಿಲ್ಲ. ಆದರೂ ಹುಟ್ಟಿದ ಮಗು ಅಪರೂಪದ ರೋಗವೊಂದನ್ನು ಹೊತ್ತು ಬಂದಿದೆ. ‘ಇದು ಯಾರ ಕಡೆಯಿಂದ ಬಂತು?’ ಎಂಬ ಪ್ರಶ್ನೆ ಮನೆಯಲ್ಲಿ ಏಳುತ್ತದೆ. ಉತ್ತರವೂ ಎಷ್ಟೋ ಕಡೆ ಸಿದ್ಧವಾಗಿಯೇ ಇರುತ್ತದೆ: ಸೊಸೆಯ ಕಾಲ್ಗುಣ, ಅವಳ ತವರಿನ ದೋಷ! ತಳಿಶಾಸ್ತ್ರದ ಮೊದಲ ಪಾಠವನ್ನು ಬಲ್ಲವರು ಈ ಮಾತನ್ನು ಆಡಲಾರರು.

ಆ ಪಾಠ ಆರಂಭವಾದುದು ಬಟಾಣಿ ಗಿಡಗಳಿಂದ. ಇಂದಿನ ಚೆಕ್ ಗಣರಾಜ್ಯದ ಬ್ರನೋ ನಗರದ ಕ್ರೈಸ್ತ ಮಠದಲ್ಲಿದ್ದ ಗ್ರೆಗರ್ ಮೆಂಡೆಲ್, ಹಳದಿ ಕಾಳಿನ ತಳಿಯನ್ನು ಹಸಿರು ಕಾಳಿನ ತಳಿಯೊಡನೆ ಸಂಕರಗೊಳಿಸಿದನು. ಮೊದಲ ಪೀಳಿಗೆಯ ಕಾಳುಗಳೆಲ್ಲ ಹಳದಿ. ಹಾಗಾದರೆ ಹಸಿರು ಅಳಿದೇಹೋಯಿತೇ? ಇಲ್ಲ. ಆ ಕಾಳುಗಳನ್ನು ಬಿತ್ತಿ ಬೆಳೆದ ಗಿಡಗಳು ಸ್ವಕೀಯ ಪರಾಗಸ್ಪರ್ಶದಿಂದ ಕಾಯಿಬಿಟ್ಟಾಗ 6022 ಹಳದಿ ಕಾಳುಗಳೊಡನೆ 2001 ಹಸಿರು ಕಾಳುಗಳು ದೊರೆತವು. ಹೆಚ್ಚುಕಡಿಮೆ ಮೂರಕ್ಕೆ ಒಂದು. ಹಸಿರು ಮರೆಯಲ್ಲಿ ಕುಳಿತಿತ್ತು, ಅಷ್ಟೆ. 1866ರಲ್ಲಿ ಅಚ್ಚಾದ ಈ ಸಂಶೋಧನೆಯ ಬೆಲೆಯನ್ನು ಜಗತ್ತು ಅರಿತುದು 1900ರಲ್ಲಿ. ಆ ವೇಳೆಗೆ ಮೆಂಡೆಲ್ ಬದುಕಿರಲಿಲ್ಲ.

ಗುಣಗಳನ್ನು ಪೀಳಿಗೆಯಿಂದ ಪೀಳಿಗೆಗೆ ಒಯ್ಯುವ ಅಂಶಕ್ಕೆ ‘ಜೀನ್’ ಎಂಬ ಹೆಸರು ಬಂದುದು 1909ರಲ್ಲಿ. ಬಹುಪಾಲು ಜೀನುಗಳು ನಮ್ಮಲ್ಲಿ ಜೋಡಿಯಾಗಿರುತ್ತವೆ: ಒಂದು ತಂದೆಯಿಂದ ಬಂದುದು, ಇನ್ನೊಂದು ತಾಯಿಯಿಂದ ಬಂದುದು. ಒಂದೇ ಜೀನಿನ ಬೇರೆಬೇರೆ ರೂಪಗಳು ಅಲೀಲುಗಳು. ಜೋಡಿಯಲ್ಲಿ ಒಂದೇ ಇದ್ದರೂ ತನ್ನನ್ನು ತೋರಿಸಿಕೊಳ್ಳುವುದು ಪ್ರಬಲ. ಎರಡೂ ಒಂದೇ ಬಗೆಯವಾದಾಗ ಮಾತ್ರ ಕಾಣಿಸಿಕೊಳ್ಳುವುದು ದುರ್ಬಲ. ಒಳಗಿನ ಜೋಡಿಗೆ ಜೀನೋಟೈಪ್ ಎಂದೂ, ಹೊರಗೆ ಕಾಣುವ ಲಕ್ಷಣಕ್ಕೆ ಫೀನೋಟೈಪ್ ಎಂದೂ ಹೆಸರು. ಹೊರನೋಟಕ್ಕೆ ಹಳದಿಯಾದ ಕಾಳು ಒಳಗೆ ಹಸಿರನ್ನು ಬಚ್ಚಿಟ್ಟುಕೊಂಡಿರಬಹುದು.

ಬಟಾಣಿಯ ಈ ನಿಯಮ ಮನುಷ್ಯನಿಗೂ ಸಲ್ಲುವುದೆಂದು ತೋರಿಸಿಕೊಟ್ಟವನು ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್. ಕೆಲವು ಶಿಶುಗಳ ಮೂತ್ರ ಗಾಳಿಗೆ ಸೋಕಿದಂತೆ ಕಪ್ಪಾಗುತ್ತಿತ್ತು. ಬಟ್ಟೆಯ ಮೇಲೆ ಕಲೆ ನಿಲ್ಲುತ್ತಿತ್ತು. ಆಲ್ಕಾಪ್ಟೊನೂರಿಯ ಎಂಬ ಈ ಸ್ಥಿತಿಯ ಮಕ್ಕಳ ತಾಯಿತಂದೆಗಳು ಆರೋಗ್ಯವಂತರೇ. ಆದರೆ ಅವರಲ್ಲಿ ಹಲವರು ಒಡಹುಟ್ಟಿದವರ ಮಕ್ಕಳು ಎಂಬುದನ್ನು ಗ್ಯಾರಡ್ ಗಮನಿಸಿದನು. ದುರ್ಬಲ ಗುಣವಾದರೆ ಹೀಗೆಯೇ ಆಗಬೇಕೆಂದು ವಿಲಿಯಂ ಬೇಟ್ಸನ್ ವಿವರಿಸಿದನು. ಗ್ಯಾರಡ್‌ನ ಲೇಖನ 1902ರಲ್ಲಿ ಪ್ರಕಟವಾಯಿತು.

ತಾಯಿತಂದೆಗಳಿಬ್ಬರಲ್ಲಿಯೂ ಇಂತಹ ಒಂದೊಂದು ದುರ್ಬಲ ಅಲೀಲ್ ಅಡಗಿದ್ದರೆ, ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ತಾಯಿತಂದೆಗಳಂತೆಯೇ ಬರಿಯ ವಾಹಕವಾಗುವ ಸಂಭವ ನಾಲ್ಕರಲ್ಲಿ ಎರಡು. ಮೊದಲನೆಯ ಮಗುವಿಗೆ ರೋಗ ಬಂದಿತೆಂದು ಉಳಿದ ಮೂವರು ಪಾರಾದರೆಂದಲ್ಲ. ಪಗಡೆಯ ದಾಳಕ್ಕೆ ಹಿಂದಿನ ಆಟದ ನೆನಪಿರುವುದಿಲ್ಲ.

ಕರ್ನಾಟಕದ ಅನೇಕ ಕುಟುಂಬಗಳಲ್ಲಿ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ರೂಢಿಯುಂಟು. ಒಬ್ಬ ಪೂರ್ವಿಕನಲ್ಲಿದ್ದ ಒಂದೇ ಅಲೀಲ್ ಎರಡು ಕಡೆಯಿಂದಲೂ ಬಂದು ಮಗುವಿನಲ್ಲಿ ಕೂಡುವ ಸಂಭವ, ಯಾವುದೇ ಒಂದು ಜೀನಿನ ಮಟ್ಟಿಗೆ, ಇಲ್ಲಿ ಎಂಟರಲ್ಲಿ ಒಂದು. ಅತ್ತೆಯ ಅಥವಾ ಮಾವನ ಮಕ್ಕಳ ನಡುವಣ ಮದುವೆಯಲ್ಲಿ ಹದಿನಾರರಲ್ಲಿ ಒಂದು. ಇಂತಹ ದಂಪತಿಗಳ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಂತರೇ ಆಗಿರುತ್ತಾರೆ. ಆದರೂ ಅಪಾಯ ಹೆಚ್ಚುವುದು ನಿಜ. ಥಲಸ್ಸೀಮಿಯದಂತಹ ದುರ್ಬಲ ರೋಗದ ವಾಹಕರನ್ನು ಇಂದು ರಕ್ತಪರೀಕ್ಷೆಯಿಂದ ಮದುವೆಗೆ ಮೊದಲೇ ಗುರುತಿಸಬಹುದು. ಜಾತಕ ನೋಡುವ ಮನೆಗಳಿಗೆ ಇದೊಂದು ಹೊರೆಯಾಗಲಾರದು.

ಇಂತಹ ರೋಗದಲ್ಲಿ ಮಗುವಿಗೆ ಒಂದು ಪಾಲು ತಾಯಿಯಿಂದ ಬಂದರೆ ಇನ್ನೊಂದು ಪಾಲು ತಂದೆಯಿಂದಲೇ ಬಂದಿರುತ್ತದೆ. ಇಬ್ಬರೂ ಅರಿಯದೆ ಕೊಟ್ಟುದಕ್ಕೆ ಒಬ್ಬಳನ್ನೇ ದೂರುವುದು ನ್ಯಾಯವಲ್ಲ. ವಿಜ್ಞಾನವಂತೂ ಅಲ್ಲವೇ ಅಲ್ಲ.