ಬಕೆಟ್ ಟ್ರಕ್‌ಗಳಿಗೇಕೆ ರೀಕಾಲ್?
ವಿದ್ಯುತ್ ತಂತಿಗಳ ದುರಸ್ತಿಗೆ ಬಳಸುವ ಬಕೆಟ್ ಟ್ರಕ್ ಸಾಮಾನ್ಯವಾಗಿ ಇಬ್ಬರ ಕೈಯಲ್ಲಿ ತಯಾರಾಗುತ್ತದೆ: ಚಾಸಿ ಒಂದು ಕಂಪನಿಯದು, ಅದರ ಮೇಲಿನ ಹೈಡ್ರಾಲಿಕ್ ತೋಳು ಮತ್ತು ಬಕೆಟ್ ಇನ್ನೊಂದರದು. ಬೆಂಕಿಯ ಅಪಾಯ ಹಲವೊಮ್ಮೆ ಹುಟ್ಟುವುದೂ ಈ ಜೋಡಣೆಯಲ್ಲೇ. ಆಮೇಲೆ ಎಳೆದ ವೈರು ಲೋಹದ ಅಂಚಿಗೆ ಉಜ್ಜಿ ಸವೆದು ಶಾರ್ಟ್ ಆಗಬಹುದು. ಸೋರಿದ ಹೈಡ್ರಾಲಿಕ್ ಎಣ್ಣೆ ಕಾದ ಸೈಲೆನ್ಸರ್ ಮೇಲೆ ಬೀಳಬಹುದು. ತೋಳನ್ನು ಆಡಿಸಲು ಟ್ರಕ್ ನಿಂತಲ್ಲೇ ಎಂಜಿನ್ ಗಂಟೆಗಟ್ಟಲೆ ಓಡುವುದುಂಟು, ಬಿಸಿಯೂ ಏರುತ್ತದೆ. ಕೆಳಗೆ ಬೆಂಕಿ ಹತ್ತಿದರೆ ಮೇಲೆ ಬಕೆಟ್‌ನಲ್ಲಿರುವ ಲೈನ್‌ಮನ್ ತಟ್ಟನೆ ಇಳಿಯುವುದು ಸುಲಭವಲ್ಲ. ಮಾಮೂಲಿ ಲಾರಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ.

ಅಮೆರಿಕದಲ್ಲಿ 1966ರ ವಾಹನ ಸುರಕ್ಷತಾ ಕಾಯ್ದೆ ಮತ್ತು ನಿಯಮಗಳ ಪ್ರಕಾರ, ಸುರಕ್ಷತೆಗೆ ಧಕ್ಕೆ ತರುವ ಇಂಥ ದೋಷ ಖಚಿತವಾದ 5 ಕೆಲಸದ ದಿನಗಳೊಳಗೆ ತಯಾರಕರು ಹೆದ್ದಾರಿ ಸುರಕ್ಷತಾ ಸಂಸ್ಥೆಗೆ ವರದಿ ಕೊಡಬೇಕು. ಮಾಲೀಕರಿಗೆ ಪತ್ರ ಹೋಗಬೇಕು, ದುರಸ್ತಿ ಉಚಿತ. ಇದೇ ರೀಕಾಲ್. ರೀಕಾಲ್ ಎಂದರೆ ಟ್ರಕ್ ಕಾರ್ಖಾನೆಗೇ ಮರಳಬೇಕೆಂದೇನಿಲ್ಲ. ವೈರಿಗೆ ಕವಚ ತೊಡಿಸಿದರೆ ಮುಗಿಯುವ ಕೆಲಸವೂ ಇರುತ್ತದೆ.