ಮರುಭೂಮಿಯ ಅಣಬೆಗೂ ಒಂದು ವಿಳಾಸ

ಅಣಬೆ ಎಂದೊಡನೆ ನಮಗೆ ನೆನಪಾಗುವುದು ಊರಿನ ಮಳೆಗಾಲ. ಮೊದಲ ಗುಡುಗು ಕೇಳಿದ ಮೇಲೆ ಕರಾವಳಿಯ ಹಾಡಿಗಳಲ್ಲಿ ಮಣ್ಣು ಕೆದಕಿ ಕಲ್ಲಣಬೆ ಆರಿಸಿದ ನೆನಪು ನಮ್ಮ ಪೋಷಕರಲ್ಲಿ ಕೆಲವರಿಗಾದರೂ ಇರಬಹುದು. ನಾವಿರುವ ಈ ಕುವೈತಿನ ಮರಳಿನಲ್ಲಿಯೂ ನೆಲದೊಳಗೆ ಬೆಳೆಯುವ ಅಣಬೆ ಉಂಟು. ಇಲ್ಲಿಯವರು ಅದನ್ನು ‘ಫಗಾ’ ಎನ್ನುತ್ತಾರೆ. ಅದೂ ಗುಡುಗಿಗೇ ಹುಟ್ಟುತ್ತದೆ ಎಂಬುದು ಅರಬರ ಹಳೆಯ ನಂಬಿಕೆ!

ಅಕ್ಟೋಬರ್-ನವೆಂಬರ್ ತಿಂಗಳಲ್ಲಿ ಒಳ್ಳೆಯ ಮಳೆಯಾದರೆ ಜನವರಿಯಿಂದ ಮಾರ್ಚ್‌ವರೆಗೆ ಫಗಾ ಸಿಗುತ್ತದೆ. ಕೊಡೆಯಿಲ್ಲ, ಕಾಂಡವಿಲ್ಲ, ನೋಡಲು ಆಲೂಗಡ್ಡೆ. ಹೀಲಿಯಾಂಥಮಮ್ ಎಂಬ ಗಿಡ್ಡ ಗಿಡದ ಬೇರಿನೊಂದಿಗೆ ಇದರ ಬಾಳುವೆ. ಅಣಬೆಯ ಎಳೆಗಳು ಗಿಡಕ್ಕೆ ನೀರು, ಲವಣ ಒದಗಿಸುತ್ತವೆ. ಗಿಡ ಅಣಬೆಗೆ ಸಕ್ಕರೆ ಕೊಡುತ್ತದೆ. ಬಿಳಿ ಬಣ್ಣದ ‘ಜುಬೈದಿ’ಗೆ ಬೆಲೆ ಹೆಚ್ಚು. (ನಮ್ಮ ಮಾಂಜಿ ಮೀನಿಗೂ ಇಲ್ಲಿ ಅದೇ ಹೆಸರು!)

ಒಮ್ಮೆ ಮಕ್ಕಳಿಗೆ ತೋರಿಸಲೆಂದು ಪೇಟೆಯಿಂದ ಒಂದು ಫಗಾ ತಂದೆವು. ಎಲ್ಲಿಯದು ಎಂದು ಕೇಳಿದಾಗ ಅಂಗಡಿಯವನು ನಗುತ್ತಾ, ‘ಮರುಭೂಮಿಯದು’ ಎಂದ. ಇರಾನಿನದೋ, ಸೌದಿಯದೋ, ಮೊರೊಕ್ಕೋದ್ದೋ? ಅಡುಗೆಗೆ ಅಷ್ಟು ಸಾಕು, ವಿಜ್ಞಾನಕ್ಕೆ ಸಾಲದು.

ಮಾದರಿ ಸಂಗ್ರಹಿಸುವವರು ಮೊದಲು ಅಗೆಯುವುದಿಲ್ಲ, ಬರೆಯುತ್ತಾರೆ. ನೆಲ ಬಿರುಕು ಬಿಟ್ಟು ಉಬ್ಬಿದ ಜಾಗದಲ್ಲಿ ಅಳತೆಪಟ್ಟಿಯಿಟ್ಟು ಫೋಟೋ ತೆಗೆದು ದಿನಾಂಕ, ಅಕ್ಷಾಂಶ-ರೇಖಾಂಶ, ಮಣ್ಣಿನ ಬಗೆ, ಪಕ್ಕದ ಗಿಡ, ಸಂಗ್ರಹಿಸಿದವರ ಹೆಸರು, ಕ್ರಮಸಂಖ್ಯೆ ಎಲ್ಲವನ್ನೂ ಗುರುತು ಹಾಕಿಕೊಳ್ಳುತ್ತಾರೆ. ಗಿಡದ ಒಂದು ಟೊಂಗೆಯನ್ನೂ ಜೊತೆಗಿಡುತ್ತಾರೆ. ಅಣಬೆಯನ್ನು ಹೋಳು ಮಾಡಿದ ಕೂಡಲೇ ಒಳಗಿನ ಬಣ್ಣ, ವಾಸನೆ ಬರೆದುಕೊಳ್ಳಬೇಕು. ಒಣಗಿದ ಮೇಲೆ ಇವೆರಡೂ ಬದಲಾಗುತ್ತವೆ. ತೆಳುವಾದ ಹೋಳುಗಳನ್ನು ಸುಮಾರು 40 ಡಿಗ್ರಿಯ ಬೆಚ್ಚಗಿನ ಗಾಳಿಯಲ್ಲಿ ಒಣಗಿಸಿ, ಹುಳ ಸಾಯಲೆಂದು ಕೆಲವು ದಿನ ಫ್ರೀಜರಿನಲ್ಲಿಟ್ಟು, ಕಾಗದದ ಲಕೋಟೆಗೆ ಹಾಕುತ್ತಾರೆ. ಹಸಿ ಅಣಬೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೆವತು ಕೊಳೆಯುತ್ತದೆ.

ಸೂಕ್ಷ್ಮದರ್ಶಕದಲ್ಲಿ ಬೀಜಕಣ ನೋಡಿದರೆ ಜಾತಿ ತಿಳಿಯುತ್ತದೆ. ಜುಬೈದಿಯ ಕುಲವಾದ ಟಿರ್ಮಾನಿಯಾದಲ್ಲಿ ಕಣಗಳು ನಯವಾಗಿ ಕಾಣುತ್ತವೆ. ಟೆರ್ಫೀಜಿಯಾದಲ್ಲಿ ಗುಂಡಾಗಿ, ಮೈಯೆಲ್ಲ ಉಬ್ಬುತಗ್ಗು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಹೀಗೆ ಒಣಗಿಸಿಟ್ಟ ಹನ್ನೆರಡು ಲಕ್ಷಕ್ಕೂ ಮೀರಿದ ಅಣಬೆ-ಶಿಲೀಂಧ್ರಗಳ ಮಾದರಿಗಳಿವೆ.

ಇಷ್ಟೆಲ್ಲ ಏಕೆ? ವಾಹನಗಳ ಓಡಾಟ ಮತ್ತು ಅತಿಯಾದ ಮೇವಿನಿಂದ ಆ ಗಿಡ್ಡ ಗಿಡ ಹೋದರೆ ಫಗಾ ಕೂಡ ಹೋಗುತ್ತದೆ. ಅದು ಹಿಂದೆ ಅಲ್ಲಿತ್ತು ಎಂದು ಹೇಳಲು ಉಳಿಯುವುದು ಆ ಲಕೋಟೆಯ ಚೀಟಿ ಮಾತ್ರ.

ವಿದ್ಯಾರ್ಥಿಗಳೇ, ಒಂದು ಎಚ್ಚರಿಕೆ. 1991ರ ಯುದ್ಧದಲ್ಲಿ ಸಿಡಿಯದೆ ಉಳಿದ ಮದ್ದುಗುಂಡುಗಳ ಅಪಾಯ ಈ ಮರಳಿನಲ್ಲಿದೆ. ಗುರುತು ಸಿಗದ ಅಣಬೆಯನ್ನು ತಿನ್ನುವುದೂ ಅಪಾಯ. ಚಳಿಗಾಲದಲ್ಲಿ ಡೇರೆ ಹಾಕಲು ಹೋದಾಗ ಹಿರಿಯರನ್ನು ಬಿಟ್ಟು ಅಗೆಯಲು ಹೋಗಬೇಡಿ. ಅಣಬೆ ಕಂಡರೆ ಫೋಟೋ ತೆಗೆದು, ಜಾಗ ಮತ್ತು ದಿನಾಂಕ ಬರೆದು ತನ್ನಿ. ಪೇಟೆಯಿಂದ ತಂದ ನಮ್ಮ ಫಗಾದ ಚೀಟಿಯಲ್ಲಿ ‘ಸ್ಥಳ’ ಎಂಬಲ್ಲಿ ಇನ್ನೂ ಖಾಲಿಯೇ ಇದೆ.