ಘಟ್ಟದ ದಾರಿಯಲ್ಲಿ ಮೋಟಾರು ಸೈಕಲ್ಲು

ಮೈಸೂರಿನಲ್ಲಿ ಜಾವಾ ಮೋಟಾರು ಸೈಕಲ್ಲುಗಳನ್ನು ತಯಾರಿಸುತ್ತಿದ್ದ ಕಾರ್ಖಾನೆಯು 1996ರಲ್ಲಿ ಮುಚ್ಚಿತು. ಆದರೂ ಅಲ್ಲಿ ಹುಟ್ಟಿದ ಗಾಡಿಗಳನ್ನೇರಿ ದೂರ ಸಂಚಾರ ಮಾಡುವವರು ಇಂದಿಗೂ ಇದ್ದಾರೆ. ಹಳೆಯ ಯಂತ್ರವನ್ನು ನೆಚ್ಚಿ ಹೊರಡುವವರು ಅದರ ಸ್ವಭಾವವನ್ನು ಅರಿತಿರಬೇಕು.

ಇದರ ಎಂಜಿನು ಟೂ ಸ್ಟ್ರೋಕ್ ಎಂಬ ಜಾತಿಯದು. ಇದರಲ್ಲಿ ಪಿಸ್ಟನ್ನಿಗೆ ಬೇಕಾದ ಎಣ್ಣೆಯನ್ನು ಪೆಟ್ರೋಲೇ ಹೊತ್ತು ತರುತ್ತದೆ. ಆದುದರಿಂದ ಪೆಟ್ರೋಲು ತುಂಬಿಸುವಾಗಲೆಲ್ಲ ಎಣ್ಣೆಯನ್ನು ಅಳೆದು ಬೆರೆಸತಕ್ಕದ್ದು. ಹೆಚ್ಚಾದರೆ ಹೊಗೆಯೂ ಮಸಿಯೂ ಕಟ್ಟುವುವು. ಕಡಮೆಯಾದರೆ ಪಿಸ್ಟನ್ನು ಕಾದು ಹಿಗ್ಗಿ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುವುದು. ಆಗ ಓಡುತ್ತಿರುವ ಹಿಂದಿನ ಚಕ್ರವು ಫಕ್ಕನೆ ನಿಂತು ಸವಾರನ ಪ್ರಾಣಕ್ಕೇ ಅಪಾಯವೊದಗುವುದು. ಕ್ಲಚ್ಚನ್ನು ಒಡನೆಯೇ ಹಿಡಿದರೆ ಚಕ್ರವು ಬಿಡುಗಡೆ ಹೊಂದುತ್ತದೆ.

ಘಟ್ಟವನ್ನಿಳಿಯುವಾಗ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಇಳಿಜಾರಿನಲ್ಲಿ ನಾವು ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿಬಿಟ್ಟರೆ, ಎಂಜಿನು ವೇಗವಾಗಿಯೇ ತಿರುಗುತ್ತಿದ್ದರೂ ಅದಕ್ಕೆ ಎಣ್ಣೆ ಸಾಲದು. ನಡುನಡುವೆ ಕ್ಷಣಕಾಲ ಅದನ್ನು ತೆರೆಯುವುದು ಬಲ್ಲವರ ಪದ್ಧತಿ.

ಇನ್ನು ಗಾಡಿಯನ್ನು ಪ್ರಯಾಣಕ್ಕೆ ಅಣಿಗೊಳಿಸುವ ವಿಚಾರ. ಹಿಂದಿನ ಅಚ್ಚಿನಾಚೆ ಎತ್ತರವಾಗಿ ಹೊರೆ ಹೇರಿದರೆ ಮುಂದಿನ ಚಕ್ರವು ಹಗುರವಾಗಿ ಹ್ಯಾಂಡಲು ಅಸ್ಥಿರವಾಗುತ್ತದೆ. ಭಾರವಾದ ಸಾಮಾನು ತಗ್ಗಿನಲ್ಲಿಯೂ ಸವಾರನ ಸಮೀಪದಲ್ಲಿಯೂ ಇರಬೇಕು. ಎರಡು ಪಕ್ಕಗಳೂ ಸಮತೂಕವಾಗಿರಬೇಕು. ಹೊರೆ ಹೆಚ್ಚಿದಂತೆ ಟೈರಿನ ಗಾಳಿಯನ್ನೂ ಚೈನಿನ ಬಿಗಿಯನ್ನೂ ಮರಳಿ ನೋಡಬೇಕು. ಚೈನು ಸಡಿಲವಾದರೆ ಕಳಚೀತು. ಅತಿ ಬಿಗಿಯಾದರೆ ಹರಿದೀತು.

ಬಣ್ಣ, ಹೊಳಪುಗಳಿಗೆ ವೆಚ್ಚಮಾಡುವ ಮೊದಲು, ಹೊರಡುವ ಹಿಂದಿನ ಸಂಜೆ ಅರ್ಧ ಗಂಟೆಯನ್ನು ಈ ಪರೀಕ್ಷೆಗೆ ಮೀಸಲಿಡೋಣ. ಯಂತ್ರದ ಒಡೆತನವೆಂದರೆ ಅದರ ಆರೈಕೆಯೇ.